ಮಚ್ಚೆ ರೆಕ್ಕೆಯ ಸೊಳ್ಳೆ: ಫೋಟೋ ನೋಡಿ ನೊಣದ ಹೆಸರು ಹೇಳಬಹುದಾ?

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋದಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದೆರಡು ಸಂಗತಿ ಇಲ್ಲಿ ಸೇರಿಸಿದ್ದೀನಿ. ಮಾತಿನ ವಾಕ್ಯಗಳನ್ನು ಅಲ್ಲಲ್ಲಿ ತಿದ್ದಿದ್ದೀನಿ, ಪೂರ್ತಿ ತಿದ್ದಿಲ್ಲ.

ಇವತ್ತಿನ ವಿಷಯ ನೊಣ. ನಾನಿರೋದು ಹೈದರಾಬಾದಿನ ಜೀಡಿಮೆಟ್ಲಾದಲ್ಲಿ. ಇಲ್ಲಿ ನೊಣಕ್ಕೆ ‘ಈಗ’ ಅಂತಾರೆ. ನಮ್ಮ ಸುದೀಪ್ ಅವರನ್ನು ಒಂದು ನೊಣ ಅಟ್ಟಾಡಿಸಿದ ಸಿನಿಮಾ 2012ರಲ್ಲಿ ಬಂದಮೇಲೆ ಈ ಪದ ಕನ್ನಡದವರಿಗೂ ಗೊತ್ತಾಯ್ತು. ಅದಕ್ಕೆ ಮುಂಚೆ ನಮಗೆ ‘ಈಗ’ ಅಂದ್ರೆ ಈಗಷ್ಟೇ. ರಜಾ ದಿನ ನಾನು ಫಾಕ್ಸ್ ಸಾಗರ್ ಕೆರೆಯ ಕಡೆ ಕ್ಯಾಮೆರಾ ಹಿಡಿದು ಹೋಗ್ತೀನಿ. ಏರಿಯ ಪಕ್ಕದ ಕಾಂಗ್ರೆಸ್ ಗಿಡದ ಹೂವಿನ ಮೇಲೆ, ಕೊಳೆತ ಹಣ್ಣಿನ ಮೇಲೆ, ಒದ್ದೆ ಗೋಡೆಯ ಮೇಲೆ ಕೂತ ನೊಣಗಳ ಫೋಟೋ ತೆಗೀತೀನಿ. ನೋಡಿದವರೆಲ್ಲ ಕೇಳೋ ಪ್ರಶ್ನೆ ಒಂದೇ: “ಇದು ಯಾವ ನೊಣ?”

ಈ ಪ್ರಶ್ನೆಗೆ ಈ ಊರಿನಲ್ಲೇ ಒಂದು ದೊಡ್ಡ ಚರಿತ್ರೆ ಇದೆ. ಅದನ್ನೇ ಇವತ್ತು ಹೇಳೋದು.

ಫಾಕ್ಸ್ ಸಾಗರ್ ಅಂದ್ರೆ ಜೀಡಿಮೆಟ್ಲಾ ಚೆರುವು. ಆರನೇ ನಿಜಾಮರ ಕಾಲದಲ್ಲಿ, 1897ರಲ್ಲಿ, ಕುಡಿಯುವ ನೀರಿಗಾಗಿ ಕಟ್ಟಿದ್ದು ಅಂತ ಹೇಳ್ತಾರೆ. ಅದೇ 1897ರ ಆಗಸ್ಟ್‌ನಲ್ಲಿ, ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೇಗಂಪೇಟೆಯಲ್ಲಿ, ಒಬ್ಬ ಮಿಲಿಟರಿ ಡಾಕ್ಟರು ಸೂಕ್ಷ್ಮದರ್ಶಕದ ಮುಂದೆ ಬೆವರು ಸುರಿಸ್ತಾ ಕೂತಿದ್ದರು. ರೊನಾಲ್ಡ್ ರಾಸ್. ಹುಟ್ಟಿದ್ದು 1857ರಲ್ಲಿ, ಆಲ್ಮೋರದಲ್ಲಿ. ಅವರು ನೋಡ್ತಿದ್ದದ್ದು ಸೊಳ್ಳೆಯ ಹೊಟ್ಟೆ.

ಸೊಳ್ಳೆ ನೊಣ ಹೇಗಾಗುತ್ತೆ ಅನ್ನಬೇಡಿ. ಬಹುತೇಕ ಹಾರುವ ಕೀಟಗಳಿಗೆ ನಾಲ್ಕು ರೆಕ್ಕೆ. ನೊಣಗಳಿಗೆ ಎರಡೇ. ಹಿಂದಿನ ಜೋಡಿ ರೆಕ್ಕೆ ಇರಬೇಕಾದ ಜಾಗದಲ್ಲಿ ಗುಂಡುಪಿನ್ನಿನ ತಲೆಯಂಥ ಎರಡು ಸಣ್ಣ ಕಡ್ಡಿಗಳಿರ್ತವೆ, ಹಾರುವಾಗ ತೂಕ ಸರಿಹೊಂದಿಸೋಕೆ. ಈ ಲಕ್ಷಣ ಇರೋದೆಲ್ಲ ಡಿಪ್ಟೆರಾ, ಅಂದ್ರೆ ಎರಡು ರೆಕ್ಕೆಯವು. ಮನೆನೊಣ, ಹಣ್ಣುನೊಣ, ನೊರಜು, ಸೊಳ್ಳೆ ಎಲ್ಲ ಒಂದೇ ಮನೆತನ.

ರಾಸ್ ಅವರಿಗೆ ನಮ್ಮ ಬೆಂಗಳೂರಿನ ನಂಟೂ ಇದೆ. 1883ರಲ್ಲಿ ಅವರು ಅಲ್ಲಿನ ದಂಡಿನಲ್ಲಿ ಹಂಗಾಮಿ ಸರ್ಜನ್ ಆಗಿದ್ದರು. ಬಂಗಲೆಯ ಕಿಟಕಿ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ತುಂಬಿದ್ದು ನೋಡಿ, ನೀರು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುತ್ತೆ ಅನ್ನೋದು ಅವರಿಗೆ ಹೊಳೆದದ್ದು ಆಗ. ಆದರೆ ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧ ಹಚ್ಚೋ ಯೋಚನೆ ಆಮೇಲಿನದು. ಲ್ಯಾವೆರಾನ್ ಅನ್ನೋ ಫ್ರೆಂಚ್ ಡಾಕ್ಟರು 1880ರಲ್ಲಿ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡಿದ್ದರು. ಅದು ಸೊಳ್ಳೆಯೊಳಗೆ ಬೆಳೆಯಬಹುದು ಅಂತ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಊಹಿಸಿದ್ದರು. 1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಆ ಊಹೆಯ ಬೆನ್ನು ಹತ್ತಿದರು.

ಹತ್ತಿ ಎರಡು ವರ್ಷ ಕಳೆದರೂ ಏನೂ ಸಿಗಲಿಲ್ಲ.

ಯಾಕೆ? ಅವರು ಕೊಯ್ದು ನೋಡ್ತಿದ್ದದ್ದು ಬೇರೆ ಸೊಳ್ಳೆಗಳನ್ನು. ಸುಲಭವಾಗಿ ಸಿಗೋದು ಯಾವುದು? ಮನೆಯ ಬೂದು ಸೊಳ್ಳೆ, ಇವತ್ತಿನ ಕ್ಯುಲೆಕ್ಸ್. ಆಮೇಲೆ ಕಪ್ಪು ಬಿಳಿ ಪಟ್ಟೆಯದು, ಈಡಿಸ್. ಮನುಷ್ಯರ ಮಲೇರಿಯಾ ಪರಾವಲಂಬಿ ಇವೆರಡರಲ್ಲೂ ಬೆಳೆಯೋದಿಲ್ಲ. ರಾಸ್ ಹತ್ತಿರ ಸೊಳ್ಳೆಗಳ ಪುಸ್ತಕವಾಗಲಿ, ಕೇಳಿ ತಿಳಿಯೋಕೆ ಕೀಟತಜ್ಞರಾಗಲಿ ಇರಲಿಲ್ಲ. ಹಾಗಾಗಿ ಅವರೇ ಹೆಸರಿಟ್ಟುಕೊಂಡರು: ಬೂದು, ಪಟ್ಟೆ, ಮತ್ತೆ ಮಚ್ಚೆ ರೆಕ್ಕೆ.

ಈ ಮಚ್ಚೆ ರೆಕ್ಕೆಯದು ಅವರ ಕಣ್ಣಿಗೆ ಬಿದ್ದದ್ದು 1897ರಲ್ಲಿ, ಊಟಿಗೆ ರಜೆಗೆ ಹೋಗಿದ್ದಾಗ, ಸಿಗೂರು ಘಾಟಿಯಲ್ಲಿ. ಗೋಡೆಯ ಮೇಲೆ ಒಂದು ಸೊಳ್ಳೆ ವಿಚಿತ್ರವಾಗಿ ಕೂತಿತ್ತು. ಉಳಿದವು ಗೂನುಬೆನ್ನಾಗಿ ಗೋಡೆಗೆ ಸಮಾನಾಂತರ ಕೂತರೆ, ಇದು ತಲೆ ಗೋಡೆಗೆ ಕೊಟ್ಟು ಬಾಲ ಎತ್ತಿಕೊಂಡು ಓರೆಯಾಗಿ. ನಾನು ಈ ಘಟ್ಟದಲ್ಲಿ ಯಾವಾಗಲೂ ಸ್ವಲ್ಪ ನಿಲ್ಲುತ್ತೀನಿ. ಬಲೆಯಿಲ್ಲ, ಸೂಜಿಯಿಲ್ಲ, ಸತ್ತ ಮಾದರಿಯಿಲ್ಲ. ಜೀವಂತ ಕೂತ ಭಂಗಿ ನೋಡಿ ‘ಇದು ಬೇರೆ’ ಅಂದದ್ದು. ಇವತ್ತು ನಾವು ಮೊಬೈಲಿನಲ್ಲಿ ಮಾಡೋದು ಇದನ್ನೇ.

ಬೇಗಂಪೇಟೆಗೆ ವಾಪಸ್ಸು ಬಂದಮೇಲೆ ಆಗಸ್ಟ್ ಮಧ್ಯದಲ್ಲಿ ಆಸ್ಪತ್ರೆಯ ಸಹಾಯಕರೊಬ್ಬರು ಬಾಟಲಿಯಲ್ಲಿ ಮರಿಗಳನ್ನು ತಂದುಕೊಟ್ಟರು. ಅವು ರೆಕ್ಕೆ ಬಂದು ಹೊರಟಾಗ ಮಚ್ಚೆ ರೆಕ್ಕೆಯವು. ಆಗಸ್ಟ್ 16ಕ್ಕೆ ಹುಸೇನ್ ಖಾನ್ ಅನ್ನೋ ಮಲೇರಿಯಾ ರೋಗಿಯನ್ನು ಕಚ್ಚಿಸಿದರು. ಕಚ್ಚಿದ ಸೊಳ್ಳೆಗೆ ಒಂದಾಣೆ ಲೆಕ್ಕ. ಹತ್ತು ಸೊಳ್ಳೆ, ಹತ್ತಾಣೆ. ಆಗಸ್ಟ್ 20ರಂದು ಉಳಿದಿದ್ದ ಸೊಳ್ಳೆಗಳಲ್ಲಿ ಒಂದನ್ನು ಕೊಯ್ದಾಗ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು, ಒಳಗೆ ಮಲೇರಿಯಾದ ಕಪ್ಪು ಬಣ್ಣದ ಕಣ. ಮರುದಿನ ಇನ್ನೊಂದರಲ್ಲೂ ಅದೇ, ಇನ್ನಷ್ಟು ದೊಡ್ಡದು. ಆಗಸ್ಟ್ 20 ಇವತ್ತಿಗೂ ವಿಶ್ವ ಸೊಳ್ಳೆ ದಿನ. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಂತು. ಹುಸೇನ್ ಖಾನ್ ಅವರಿಗೆ ಹತ್ತಾಣೆ ಬಂದಿತ್ತು.

ಈಗ ನನ್ನ ಮುಖ್ಯ ಮಾತು. ಆ ವರ್ಷ ಡಿಸೆಂಬರ್ 18ಕ್ಕೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ಅದರಲ್ಲಿ ಸೊಳ್ಳೆಯ ವೈಜ್ಞಾನಿಕ ಹೆಸರಿಲ್ಲ. ಬದಲಿಗೆ ವರ್ಣನೆ ಇದೆ: ಕಂದು ಬಣ್ಣ, ರೆಕ್ಕೆಯಲ್ಲಿ ಮಚ್ಚೆ, ಮೊಟ್ಟೆ ಹಳೇ ಕಾಲದ ದೋಣಿಯ ಹಾಗೆ ಎರಡು ಕಡೆ ಏರಿದ್ದು, ಪಕ್ಕದಲ್ಲಿ ಹುಟ್ಟು ಹಾಕಿದಂತೆ ಗೆರೆಗಳ ಸಾಲು. ಬಲ್ಲವರಿಗೆ ಇಷ್ಟು ಸಾಕಾಗಿತ್ತು, ಇದು ಅನಾಫಿಲಿಸ್. ಮೈಗೆನ್ ಅನ್ನೋ ಜರ್ಮನ್ ಪಂಡಿತರು ಆ ಹೆಸರನ್ನು 1818ರಲ್ಲೇ ಇಟ್ಟಾಗಿತ್ತು. ಅಂದ್ರೆ 79 ವರ್ಷದಿಂದ ಹೆಸರು ಪುಸ್ತಕದಲ್ಲಿ ಕೂತಿದೆ, ಸೊಳ್ಳೆ ಬೇಗಂಪೇಟೆಯ ಗೋಡೆಯ ಮೇಲೆ ಕೂತಿದೆ, ಎರಡೂ ಸೇರಿಲ್ಲ. ಮಧ್ಯೆ ಎಷ್ಟು ಜನ ಸತ್ತರು ಅನ್ನೋದರ ಲೆಕ್ಕ ಯಾರಿಟ್ಟಿದ್ದಾರೆ?

ಮುಂದಿನ ವರ್ಷ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಜೊತೆಗಾರರು ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಹರಡೋದನ್ನು ಹೆಸರು ಹಿಡಿದು ತೋರಿಸಿದರು. ಗ್ರಾಸ್ಸಿ ಪ್ರಾಣಿಶಾಸ್ತ್ರಜ್ಞ. ಅವರ ದಾರಿಯೇ ಬೇರೆ: ಮಲೇರಿಯಾ ಇರೋ ಊರಿನಲ್ಲಿ ಯಾವ ಸೊಳ್ಳೆ ಇದೆ, ಇಲ್ಲದ ಊರಿನಲ್ಲಿ ಯಾವುದಿಲ್ಲ ಅಂತ ಹೊಂದಿಸಿ ನೋಡಿದ್ದು. ಇಬ್ಬರಿಗೂ ಆಮೇಲೆ ಭಯಂಕರ ಜಗಳ. ರಾಸ್ ದೊಡ್ಡ ಮನುಷ್ಯರು, ಆದರೆ ಈ ಜಗಳದಲ್ಲಿ ನನ್ನ ಮನಸ್ಸು ಸ್ವಲ್ಪ ಗ್ರಾಸ್ಸಿ ಕಡೆಗಿದೆ. ಹೆಸರು ಹೇಳೋ ಕೆಲಸವನ್ನು ಗುಮಾಸ್ತಿಕೆ ಅಂದುಕೊಳ್ಳೋ ರೂಢಿ ನಮ್ಮಲ್ಲಿ ಇವತ್ತಿಗೂ ಇದೆ. ರಾಸ್ ಕಳಕೊಂಡ ಎರಡು ವರ್ಷವೇ ಅದಕ್ಕೆ ಉತ್ತರ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪುಸ್ತಕಗಳು ಬಂದವು. 1904ರಲ್ಲಿ ಜೇಮ್ಸ್ ಮತ್ತು ಲಿಸ್ಟನ್ ಭಾರತದ ಅನಾಫಿಲಿಸ್‌ಗಳ ಮೇಲೆ ಬರೆದರು. ಉಳಿದ ನೊಣಗಳನ್ನು ಹಿಡಿದವರು ಎನ್ರಿಕೊ ಬ್ರುನೆಟ್ಟಿ. ಇವರು ವೃತ್ತಿಯಲ್ಲಿ ಸಂಗೀತಗಾರರು! ಕಲ್ಕತ್ತೆಯಲ್ಲಿ ನೆಲೆಸಿ ನೊಣಗಳ ಹಿಂದೆ ಬಿದ್ದರು. ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ 1912, 1920, 1923ರಲ್ಲಿ ಇವರ ಮೂರು ಸಂಪುಟ ಬಂದವು. ಇಂಡಿಯಾದಲ್ಲಿ ನೊಣ ಗುರುತಿಸೋಕೆ ಹೊರಟವರು ಈಗಲೂ ಒಂದಲ್ಲ ಒಂದು ದಿನ ಬ್ರುನೆಟ್ಟಿ ಬಾಗಿಲಿಗೆ ಹೋಗಲೇಬೇಕು.

ಆ ಬಾಗಿಲಿಗೆ ಫೋಟೋ ಹಿಡಿದು ಹೋದಾಗಲೇ ತೊಂದರೆ ಶುರುವಾಗೋದು. ಪುಸ್ತಕದ ಕೀಲಿ ಕೇಳೋ ಪ್ರಶ್ನೆಗಳು ಹೀಗಿರ್ತವೆ: ಎದೆಯ ಪಕ್ಕದಲ್ಲಿ ಇಂಥ ಜಾಗದಲ್ಲಿ ಎಷ್ಟು ಮುಳ್ಳುಗೂದಲು? ರೆಕ್ಕೆಯ ನಾಲ್ಕನೇ ನರ ಬಾಗಿದೆಯಾ, ನೇರ ಇದೆಯಾ? ಗಂಡಿನ ಜನನಾಂಗದ ಆಕಾರ ಏನು? ನನ್ನ ಫೋಟೋದಲ್ಲಿ ಇರೋದು ಬೆನ್ನು, ಎರಡು ಕೆಂಪು ಕಣ್ಣು, ಮಸುಕಾದ ಒಂದು ಕಾಲು.

ಆದರೂ ಫೋಟೋದಿಂದ ಏನೂ ಆಗಲ್ಲ ಅನ್ನೋದು ಸುಳ್ಳು. ಉದಾಹರಣೆಗೆ ಹೂನೊಣಗಳು, ಜೇನುಹುಳದ ವೇಷ ಹಾಕಿಕೊಂಡು ಗಾಳಿಯಲ್ಲಿ ನಿಂತಲ್ಲೇ ನಿಲ್ತಾವಲ್ಲ, ಅವು. ರೆಕ್ಕೆಯ ನಡುವೆ ಎಲ್ಲಿಗೂ ಸೇರದ ಒಂದು ‘ಸುಳ್ಳು ನರ’ ಇದ್ದರೆ ಅದು ಹೂನೊಣದ ಕುಟುಂಬ. ಒಳ್ಳೆ ಫೋಟೋದಲ್ಲಿ ಅದು ಕಾಣುತ್ತೆ. ಫಾಕ್ಸ್ ಸಾಗರ್ ಸುತ್ತ ಕಾಣೋ ಎರಿಸ್ಟಲೈನಸ್‌ನ ಕಣ್ಣೇ ಸಾಕು, ಮೇಲೆ ಚುಕ್ಕೆಯೋ ಪಟ್ಟೆಯೋ ಚಿತ್ರ ಬರೆದಂತಿರುತ್ತೆ. ಇದರ ಮರಿಗೆ ಇಲಿಬಾಲದಂಥ ಉಸಿರುನಳಿಗೆ. ಕೊಳೆತ, ಪ್ರಾಣವಾಯು ಇಲ್ಲದ ನೀರಿನ ತಳದಲ್ಲಿದ್ದುಕೊಂಡು ಬಾಲ ಮೇಲೆ ಚಾಚಿ ಉಸಿರಾಡುತ್ತೆ. ಕುಡಿಯೋಕೆ ಕಟ್ಟಿಸಿದ ಕೆರೆಯ ಸುತ್ತ ಈ ನೊಣ ಹೆಚ್ಚಾಗಿ ಕಂಡಾಗ ನನಗೆ ಖುಷಿಯೂ ಆಗುತ್ತೆ, ಹೊಟ್ಟೆಯಲ್ಲಿ ಏನೋ ಸಂಕಟವೂ ಆಗುತ್ತೆ.

ಕೆಲವು ವಿಷಯದಲ್ಲಂತೂ ಫೋಟೋನೇ ಮೇಲು. ದನಕುದುರೆಗಳ ರಕ್ತ ಹೀರೋ ದೊಡ್ಡ ನೊಣಗಳ ಕಣ್ಣಿನಲ್ಲಿ ಹಸಿರು ನೇರಳೆ ಪಟ್ಟೆ ಹೊಳೀತಿರುತ್ತೆ. ಸತ್ತು ಒಣಗಿದ ಮಾದರಿಯಲ್ಲಿ ಅದು ಮಾಸಿಹೋಗುತ್ತೆ. ಮ್ಯೂಸಿಯಂ ಪೆಟ್ಟಿಗೆಯಲ್ಲಿ ಇಲ್ಲದ್ದು ನಿಮ್ಮ ಮೊಬೈಲಿನಲ್ಲಿ ಉಳಿಯುತ್ತೆ.

ಇನ್ನು ಮಾಂಸದ ನೊಣ. ಬೂದು ಮೈ, ಎದೆ ಮೇಲೆ ಮೂರು ಕಪ್ಪು ಗೆರೆ, ಹೊಟ್ಟೆ ಮೇಲೆ ಚದುರಂಗದ ಹಾಸು. ಮನೆನೊಣಕ್ಕೆ ಗೆರೆ ನಾಲ್ಕು. ಇಷ್ಟನ್ನು ಮಕ್ಕಳೂ ಎಣಿಸಿ ಹೇಳಬಹುದು. ಆದರೆ ಮಾಂಸದ ನೊಣಗಳಲ್ಲಿ ಯಾವ ಪ್ರಭೇದ ಅಂದ್ರೆ ಗಂಡನ್ನು ಹಿಡಿದು ಜನನಾಂಗ ಬಿಡಿಸಿ ನೋಡಬೇಕು. ಬೇರೆ ದಾರಿ ಅಂದ್ರೆ ಡಿಎನ್ಎ. ಫೋಟೋ ನೋಡಿ ಯಾರಾದರೂ ಪೂರ್ತಿ ಹೆಸರು ಹೇಳಿದರೆ ಅವರಿಗೆ ಧೈರ್ಯ ಜಾಸ್ತಿ ಅಂತಷ್ಟೇ ತಿಳಿಯಿರಿ.

ನಾನು ಕೆಲಸ ಮಾಡೋದು ಇಲ್ಲಿನ ಔಷಧ ಕಾರ್ಖಾನೆಯೊಂದರ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ. ಡ್ರಮ್ಮಿನಲ್ಲಿ ಬಂದ ಬಿಳಿ ಪುಡಿ ನೋಡೋಕೆ ಪ್ಯಾರಾಸಿಟಮಾಲ್ ಥರಾನೇ ಇದೆ, ಲೇಬಲ್ಲೂ ಹಾಗೇ ಇದೆ ಅಂತ ಸಹಿ ಹಾಕೋಕಾಗಲ್ಲ. ಗುರುತಿನ ಪರೀಕ್ಷೆ ಅಂತ ಬೇರೆ ಇರುತ್ತೆ. ಬಿಳಿ ಪುಡಿಗಳೆಲ್ಲ ಬೆಳ್ಳಗೇ ಇರ್ತವೆ.

ನಮ್ಮ ಮೈಸೂರು ಈ ಕಥೆಯೊಳಗೆ ಬರೋದು ಇಲ್ಲೇ. ಅನಾಫಿಲಿಸ್ ಸ್ಟೀಫೆನ್ಸಿ ಅನ್ನೋ ಸೊಳ್ಳೆಯನ್ನು ಲಿಸ್ಟನ್ 1901ರಲ್ಲಿ ವರ್ಣಿಸಿದರು. ಪಟ್ಟಣದ ಮಲೇರಿಯಾ ಹರಡೋದು ಇದು. ಬಾವಿ, ಟ್ಯಾಂಕು, ತೊಟ್ಟಿಯ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತೆ. ಆದರೆ ಹಳ್ಳಿಗಳ ಕಡೆ ಇದೇ ಸೊಳ್ಳೆ ಇದ್ದರೂ ಅಷ್ಟಾಗಿ ಮಲೇರಿಯಾ ಹರಡ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲರ್ ಫೌಂಡೇಶನ್ ನೆರವಿನ ಮಲೇರಿಯಾ ಕೆಲಸದಲ್ಲಿದ್ದ ಸ್ವೀಟ್ ಮತ್ತು ಬಿ. ಎ. ರಾವ್ ಅವರು ದೊಡ್ಡ ಸೊಳ್ಳೆಯನ್ನು ಬಿಟ್ಟು ಮೊಟ್ಟೆಯನ್ನು ನೋಡಿದರು. ದೋಣಿಯಂಥ ಮೊಟ್ಟೆಯ ಎರಡು ಪಕ್ಕ ತೇಲೋಕೆ ಗಾಳಿಚೀಲ ಇರುತ್ತೆ, ಅದರ ಮೇಲೆ ಅಡ್ಡ ಏಣುಗಳು. ಅವನ್ನು ಎಣಿಸಿದರು. ಕೆಲವು ಸೊಳ್ಳೆಗಳ ಮೊಟ್ಟೆಯಲ್ಲಿ ಏಣು ಹೆಚ್ಚು, ಹದಿನೈದರ ಮೇಲೆ ಇಪ್ಪತ್ತರ ಆಸುಪಾಸಿನವರೆಗೆ. ಇನ್ನು ಕೆಲವುದರಲ್ಲಿ ಕಡಿಮೆ, ಹತ್ತು ಹನ್ನೆರಡರ ಸುಮಾರು. 1937ರಲ್ಲಿ ಇದನ್ನು ಪ್ರಕಟಿಸಿ, ಏಣು ಕಡಿಮೆ ಇರೋ ಬಗೆಗೆ ‘ಮೈಸೊರೆನ್ಸಿಸ್’ ಅಂತ ಹೆಸರಿಟ್ಟರು. ನಮ್ಮ ಮೈಸೂರಿನ ಹೆಸರು! ನಲವತ್ತು ವರ್ಷದ ಹಿಂದೆ ರಾಸ್ ಕಂಡ ‘ಹುಟ್ಟುಗಳ ಸಾಲು’ ಇದೇ ಏಣುಗಳು ಅಂತ ನಾನು ಓದಿಕೊಂಡಿದ್ದೀನಿ. ಅವರು ನೋಡಿ ಮುಂದೆ ಹೋದರು, ಇವರು ಕೂತು ಎಣಿಸಿದರು.

ಗೋಡೆಯ ಮೇಲೆ ಕೂತ ಈ ಎರಡು ಬಗೆಯ ಸೊಳ್ಳೆಗಳ ಫೋಟೋ ಎಷ್ಟೇ ಚೆನ್ನಾಗಿರಲಿ, ಯಾವುದು ಯಾವುದು ಅಂತ ಹೇಳೋಕಾಗಲ್ಲ. ಮದ್ದು ಎಲ್ಲಿ ಹೊಡೀಬೇಕು, ಇರೋ ದುಡ್ಡು ಎಲ್ಲಿ ಸುರೀಬೇಕು ಅನ್ನೋ ತೀರ್ಮಾನ ಮಾತ್ರ ಆ ವ್ಯತ್ಯಾಸದ ಮೇಲೆ ನಿಂತಿದೆ.

ಮೈಸೂರಿನ ಮಾನಸಗಂಗೋತ್ರಿಯ ಹಣ್ಣುನೊಣಗಳ ಕಥೆಯೂ ಇಂಥದ್ದೇ. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗ ದಶಕಗಳಿಂದ ಡ್ರೊಸೊಫಿಲಾ ಸಾಕಿ ಅಧ್ಯಯನ ಮಾಡಿದೆ. ‘ಡ್ರೊಸೊಫಿಲಾ ಮೈಸೊರೆನ್ಸಿಸ್’ ಅಂತಲೂ ಒಂದಿದೆ, 1970ರಲ್ಲಿ ಹೆಸರಿಟ್ಟದ್ದು. ಅಲ್ಲಿ ಬಹಳ ಕೆಲಸ ಆದದ್ದು ನಸೂಟಾ, ಆಲ್ಬೊಮಿಕನ್ಸ್ ಅನ್ನೋ ಎರಡರ ಮೇಲೆ. ನೋಡೋಕೆ ಅವಳಿಗಳು. ಕೂಡಿಸಿದರೆ ಮರಿಯೂ ಆಗುತ್ತೆ. ಆದರೆ ಒಂದಕ್ಕೆ ವರ್ಣತಂತು ಎಂಟು, ಇನ್ನೊಂದಕ್ಕೆ ಆರು.

ಇಷ್ಟೆಲ್ಲ ಇದ್ದೂ 2015ರಲ್ಲಿ ಒಂದು ಬಾಂಬ್ ಬಿತ್ತು. ಮಾರ್ಷಲ್ ಮತ್ತು ಈವನ್‌ಹ್ಯೂಸ್ ಅನ್ನೋ ಇಬ್ಬರು ನೊಣತಜ್ಞರು ದಕ್ಷಿಣ ಆಫ್ರಿಕಾದ ಹೊಸ ನೊಣವೊಂದಕ್ಕೆ ಹೆಸರಿಟ್ಟರು: ಮಾರ್ಲೆಯಿಮಿಯಾ ಕ್ಸೈಲೊಕೋಪೆ. ಮರ ಕೊರೆಯೋ ಕಪ್ಪು ದುಂಬಿಯ ವೇಷದ ನೊಣ. ಮಾದರಿ ಇಲ್ಲ, ಬರೀ ಫೋಟೋ! ನಿಯಮದ ಪ್ರಕಾರ ಹೊಸ ಪ್ರಭೇದಕ್ಕೆ ಒಂದು ಮೂಲ ಮಾದರಿ ಇರಬೇಕು. ಇವರು ಹೇಳಿದ್ದು, ಫೋಟೋದಲ್ಲಿರೋ ಆ ನೊಣವೇ ಮಾದರಿ, ಅದು ಈಗ ನಮ್ಮ ಕೈಯಲ್ಲಿಲ್ಲ ಅಷ್ಟೇ ಅಂತ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಇದಕ್ಕೆ ಜಾಗ ಇದ್ದೂ ಇತ್ತು. ಮರುವರ್ಷ 493 ಜನ ವಿಜ್ಞಾನಿಗಳು ಸಹಿ ಹಾಕಿ, ಇದು ಸಾಲದು, ಬೇಕಾಗಿಲ್ಲ, ಹಾನಿಕರ ಅಂತ ಪ್ರಕಟಿಸಿದರು. ಇನ್ನೊಂದು ಗುಂಪು ಎದ್ದು, ಫೋಟೋದಿಂದ ಹೆಸರಿಡಬಹುದು ಅಂತ ಉತ್ತರ ಕೊಟ್ಟಿತು. 2017ರಲ್ಲಿ ಆಯೋಗವು ಬಾಗಿಲು ಮುಚ್ಚಲಿಲ್ಲ. ಮಾದರಿ ಉಳಿಸಿಕೊಳ್ಳದೆ ಹೆಸರಿಡುವವರು ಕಾರಣ ಕೊಡಬೇಕು, ಎಚ್ಚರ ವಹಿಸಬೇಕು ಅನ್ನೋ ರೀತಿಯ ಶಿಫಾರಸುಗಳನ್ನು ಸೇರಿಸಿತು.

ನನಗೆ ಇದಕ್ಕಿಂತ ಹಿಡಿಸಿದ್ದು ಮಲೇಷ್ಯಾದ ಪ್ರಸಂಗ. ಅದು ನೊಣವಲ್ಲ, ಬಲೆರೆಕ್ಕೆಯ ಹಸಿರು ಕೀಟ. ಗ್ವೆಕ್ ಹಾಕ್ ಪಿಂಗ್ ಅನ್ನೋ ಛಾಯಾಗ್ರಾಹಕರು ಫ್ಲಿಕರ್‌ಗೆ ಹಾಕಿದ್ದ ಫೋಟೋವನ್ನು ವಿಂಟರ್‌ಟನ್ ಅನ್ನೋ ಕೀಟತಜ್ಞರು ನೋಡಿದರು. ಕಂಡಿಲ್ಲದ್ದು ಅನಿಸಿತು. ಆದರೂ ಫೋಟೋ ಮೇಲೆ ಹೆಸರಿಡಲಿಲ್ಲ. “ಒಂದು ಹಿಡಿದು ಕೊಡ್ತೀರಾ?” ಅಂತ ಕೇಳಿದರು. ಆ ಛಾಯಾಗ್ರಾಹಕರು ಮತ್ತೆ ಅದೇ ಜಾಗಕ್ಕೆ ಹೋಗಿ ಅದು ಸಿಗೋ ಹೊತ್ತಿಗೆ ಒಂದು ವರ್ಷ ಆಗಿತ್ತು. 2012ರಲ್ಲಿ ‘ಸೆಮಕ್ರೈಸಾ ಜೇಡ್’ ಅಂತ ಹೆಸರಾಯ್ತು, ಲೇಖನದಲ್ಲಿ ಛಾಯಾಗ್ರಾಹಕರ ಹೆಸರೂ ಲೇಖಕರ ಸಾಲಿನಲ್ಲಿ ಸೇರಿತು. ಫೋಟೋ ಬಾಗಿಲು ತಟ್ಟಿತು, ಒಳಗೆ ಕರೆದದ್ದು ಮಾದರಿ.

ಕೊನೆಗೆ ಮತ್ತೆ ಸ್ಟೀಫೆನ್ಸಿಗೆ ಬರ್ತೀನಿ, ಯಾಕಂದ್ರೆ ಇದು ಮುಗಿದ ಕಥೆಯಲ್ಲ. ನಮ್ಮ ಪಟ್ಟಣಗಳ ಟ್ಯಾಂಕಿನ ಈ ಸೊಳ್ಳೆ 2012ರಲ್ಲಿ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆಮೇಲೆ ಇಥಿಯೋಪಿಯಾ, ಸೂಡಾನ್. ಆಫ್ರಿಕಾದ ಮಲೇರಿಯಾ ಬಹುಪಾಲು ಹಳ್ಳಿಯ ರೋಗ. ಪಟ್ಟಣದ ತೊಟ್ಟಿಯಲ್ಲಿ ಬೆಳೆಯೋ ಸೊಳ್ಳೆ ಅಲ್ಲಿಗೆ ಹೋದರೆ ಲೆಕ್ಕವೇ ಬೇರೆಯಾಗುತ್ತೆ. 2020ರಲ್ಲಿ ಮಡಗಾಸ್ಕರ್‌ನಲ್ಲಿ ಜನಸಾಮಾನ್ಯರೊಬ್ಬರು ಸೊಳ್ಳೆ ಮರಿಯ ಫೋಟೋ ತೆಗೆದು ನಾಸಾ ನೆರವಿನ ‘ಗ್ಲೋಬ್ ಅಬ್ಸರ್ವರ್’ ಆ್ಯಪ್‌ಗೆ ಹಾಕಿದ್ದರು. ಆಮೇಲೆ ಸಂಶೋಧಕರು ಹಳೆಯ ಫೋಟೋಗಳನ್ನು ಜಾಲಾಡುವಾಗ ಅದು ಸ್ಟೀಫೆನ್ಸಿಯ ಮರಿ ಇರಬಹುದು ಅಂತ ಗುರುತಿಸಿದರು. ‘ಇರಬಹುದು’ ಅನ್ನೋ ಪದ ಗಮನಿಸಿ. ಮಾದರಿ ಇಲ್ಲ. ಆದರೆ ಎಲ್ಲಿ ಹುಡುಕಬೇಕು ಅನ್ನೋದು ಆ ಫೋಟೋದಿಂದಲೇ ತಿಳೀತು.

ಹಾಗಾಗಿ ಫೋಟೋ ತೆಗೀರಿ, ಆದರೆ ಹೀಗೆ ತೆಗೀರಿ. ನೊಣವನ್ನು ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖ ಕಾಣೋ ಹಾಗೆ ಒಂದು. ರೆಕ್ಕೆಯ ನರ ಕಾಣೋಕೆ ಬೆಳಕು ಹಿಂದಿನಿಂದ ಬರಲಿ. ತಾರೀಕು, ಜಾಗ, ಯಾವ ಹೂವು, ಯಾವ ಕೊಳಚೆ ಅಂತ ಬರೆದಿಡಿ. ಹೆಸರು ಕುಟುಂಬದ ತನಕ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ.

ಮನೆಯ ತೊಟ್ಟಿ, ಸಂಪು ಇದ್ದವರು ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಮರಿಗಳು ತಲೆಕೆಳಗಾಗಿ ನೀರಿಗೆ ಜೋತುಬಿದ್ದಿದ್ದರೆ ಕ್ಯುಲೆಕ್ಸೋ ಈಡಿಸ್ಸೋ. ನೀರಿನ ಮೇಲ್ಮೈಗೆ ಅಂಟಿಕೊಂಡು ಕಡ್ಡಿಯಂತೆ ಅಡ್ಡ ಮಲಗಿದ್ದರೆ ಅನಾಫಿಲಿಸ್. ಇದನ್ನು ಹೇಳೋಕೆ ಮೊಬೈಲ್ ಫೋಟೋ ಧಾರಾಳ ಸಾಕು. ಫೋಟೋ ತೆಗೆದಾದ ಮೇಲೆ ನೀರು ಚೆಲ್ಲಿ, ತೊಟ್ಟಿಯ ಒಳಗೋಡೆ ತಿಕ್ಕಿ, ಒಣಗಿಸಿ, ಮುಚ್ಚಳ ಭದ್ರವಾಗಿ ಹಾಕಿ.

ಮುಂದಿನ ವಾರ ಬ್ರುನೆಟ್ಟಿ ಬಗ್ಗೆ ಪೂರ್ತಿ ಒಂದು ಮಾತು ಇದೆ.